ಮುಳ್ಳಿಗಿಂತ ತಕ್ಕಡಿ ಮೇಲು

ಹುಬ್ಬಳ್ಳಿ-ಧಾರವಾಡದ ಕೆಲವು ಅಡಿಗೆಮನೆಗಳಲ್ಲಿ ಅನಿಲದ ಸಿಲಿಂಡರಿಗೆ ಒತ್ತಡಮಾಪಕವನ್ನು ಜೋಡಿಸುವುದುಂಟು. ಮಾಗಿಯ ಮುಂಜಾವಿನಲ್ಲಿ ಅದರ ಮುಳ್ಳು ಇಳಿದೊಡನೆ ‘ಅನಿಲ ಮುಗಿಯಿತು’ ಎಂದು ಮನೆಯವರು ಕಳವಳಗೊಳ್ಳುತ್ತಾರೆ. ಮಧ್ಯಾಹ್ನ ಅದೇ ಮುಳ್ಳು ಮತ್ತೆ ಏರಿರುತ್ತದೆ! ಮಾಪಕ ಕೆಟ್ಟಿಲ್ಲ, ಅದರಿಂದ ನಾವು ತಿಳಿಯಬಯಸಿದ್ದೇ ತಪ್ಪು.

ಸಿಲಿಂಡರಿನೊಳಗೆ ಪ್ರೊಪೇನ್, ಬ್ಯೂಟೇನ್‌ಗಳ ಬಹುಭಾಗವು ದ್ರವರೂಪದಲ್ಲಿರುತ್ತದೆ. ಒಲೆಗೆ ಬರುವುದು ಅದರ ಮೇಲಿನ ಆವಿ. ಆವಿಯ ಒತ್ತಡವು ಮುಖ್ಯವಾಗಿ ಉಷ್ಣತೆಯನ್ನು ಅವಲಂಬಿಸಿದೆಯೇ ಹೊರತು ದ್ರವದ ಮೊತ್ತವನ್ನಲ್ಲ. ದ್ರವವು ಅರ್ಧವಿರಲಿ, ಕಾಲುಭಾಗವಿರಲಿ, ಮುಳ್ಳು ಹೆಚ್ಚುಕಡಮೆ ಒಂದೇ ಎಡೆಯಲ್ಲಿ ನಿಲ್ಲುತ್ತದೆ. ದ್ರವವೆಲ್ಲ ತೀರಿದ ಮೇಲೆಯೇ ಅದು ಬೀಳುವುದು. ಆಗ ಎಚ್ಚರಿಕೆಯಿಂದ ಫಲವೇನು?

ಆದುದರಿಂದ ತೂಗಿ ನೋಡುವುದೇ ಸರಿಯಾದ ಮಾರ್ಗವೆಂದು ನಮ್ಮ ಅಭಿಪ್ರಾಯ. ಬರಿದಾದ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ನಮೂದಿಸಿರುತ್ತಾರೆ. ಅದು 15.5 ಕಿಲೋಗ್ರಾಂ, ಈಗಿನ ಒಟ್ಟು ತೂಕ 22 ಕಿಲೋಗ್ರಾಂ ಆಗಿದ್ದರೆ, ಉಳಿದ ಅನಿಲ 6.5 ಕಿಲೋಗ್ರಾಂ. ತುಂಬಿದ ಗೃಹಬಳಕೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಇರಬೇಕು.

ಮುಳ್ಳನ್ನು ನಂಬಿ ಅನಿಲವಿರುವ ಸಿಲಿಂಡರನ್ನು ಹಿಂದಿರುಗಿಸಿದರೆ ನಷ್ಟ ನಮ್ಮದೇ. ಅದನ್ನು ಕಾಯಿಸಹೊರಟರೆ ಮನೆಮಂದಿಗೆಲ್ಲ ಅಪಾಯ. ಯಾವ ಉಪಕರಣವು ಏನನ್ನು ಅಳೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮೊದಲು ಅರಿಯಲಿ. ಇಂದೇ ಮನೆಯಲ್ಲಿ ತೂಗಿ ಹಿರಿಯರಿಗೆ ತೋರಿಸಲಿ.