0.02 ದೊಡ್ಡದೋ, 10 ದೊಡ್ಡದೋ?

ಲ್ಯಾಬ್ ವರದಿ ಕೈಗೆ ಬಂದಾಗ ನಾವೆಲ್ಲ ಮೊದಲು ನೋಡೋದು ಅಂಕಿಯನ್ನ. ಅದರ ಪಕ್ಕ ಸಣ್ಣ ಅಕ್ಷರದಲ್ಲಿರುವ ಅಳತೆಯ ಹೆಸರಿನ ಕಡೆ ಕಣ್ಣು ಹೋಗುವುದೇ ಇಲ್ಲ. ಆದರೆ ಮಾಲು ಪಾಸಾಗುತ್ತೋ ವಾಪಸ್ ಬರುತ್ತೋ ಅನ್ನೋದು ತೀರ್ಮಾನವಾಗೋದು ಅಲ್ಲೇ.

ನಮ್ಮ ಸಾವಯವ ಗುಂಪಿನ ಹಿರಿಯರೊಬ್ಬರ ಅರಿಶಿನ ಈ ವರ್ಷ ತಿರಸ್ಕಾರವಾಯಿತು. ಲ್ಯಾಬ್ ವರದಿಯಲ್ಲಿ ಇಮಿಡಾಕ್ಲೋಪ್ರಿಡ್ ಕೇಜಿಗೆ 0.02 ಮಿಲಿಗ್ರಾಂ ಅಂತ ಇತ್ತು. ಖರೀದಿದಾರರ ಪತ್ರದಲ್ಲಿ ಮಿತಿ ಕೇಜಿಗೆ 10 ಮೈಕ್ರೋಗ್ರಾಂ. ಅವರು ಫೋನ್ ಮಾಡಿ, "ಏನಪ್ಪಾ, ಓದಿದೋನು ನೀನು, ಹೇಳು. 0.02 ದೊಡ್ಡದೋ, 10 ದೊಡ್ಡದೋ? ರೇಟು ಇಳಿಸೋಕೆ ಆಟ ಆಡ್ತಿದಾರೆ" ಅಂದರು. ಆಟ ಏನೂ ಇರಲಿಲ್ಲ. 0.02 ಮಿಲಿಗ್ರಾಂ ಅಂದರೆ 20 ಮೈಕ್ರೋಗ್ರಾಂ, ಮಿತಿಯ ಎರಡು ಪಟ್ಟು. ಹಾಗಂತ ತಪ್ಪು ಅವರದ್ದು ಅಂತ ನಾನು ಒಪ್ಪುವುದಿಲ್ಲ. ಒಂದೇ ವಿಷಯಕ್ಕೆ ಒಬ್ಬರು ಮಿಲಿ, ಇನ್ನೊಬ್ಬರು ಮೈಕ್ರೋ ಬರೆದು ನಡುವೆ ರೈತನನ್ನು ನಿಲ್ಲಿಸಿದರೆ ಅವನೇನು ಮಾಡಬೇಕು?

ಕಾಲೇಜಿನಲ್ಲಿ ನಮಗೆ ಇದನ್ನ ಹತ್ತರ ಘಾತ ಮೈನಸ್ ಆರು, ಮೈನಸ್ ಒಂಬತ್ತು ಅಂತ ಕಲಿಸಿದರು. ಪರೀಕ್ಷೆಗೆ ಸರಿ, ಹೊಲಕ್ಕೆ ಬರಲ್ಲ. ನಮಗೆ ಲಕ್ಷ, ಕೋಟಿ ಗೊತ್ತಲ್ಲ, ಅದರಲ್ಲೇ ಹೇಳಿಕೊಳ್ಳೋಣ. ಒಂದು ಗ್ರಾಂ ಅಂದರೆ ಸಾವಿರ ಮಿಲಿಗ್ರಾಂ, 10 ಲಕ್ಷ ಮೈಕ್ರೋಗ್ರಾಂ, 100 ಕೋಟಿ ನ್ಯಾನೋಗ್ರಾಂ. ಒಂದೊಂದು ಮೆಟ್ಟಿಲು ಇಳಿದಾಗಲೂ ದಶಾಂಶ ಚುಕ್ಕಿ ಮೂರು ಮನೆ ಬಲಕ್ಕೆ ಸರಿಯುತ್ತದೆ, ಅಷ್ಟೇ. ಕೇಜಿಯಲ್ಲಿ 10 ಲಕ್ಷ ಮಿಲಿಗ್ರಾಂ ಇರುವುದರಿಂದ ಕೇಜಿಗೆ ಒಂದು ಮಿಲಿಗ್ರಾಂ ಅಂದರೆ ಒಂದು ಪಿಪಿಎಂ. ಕೇಜಿಗೆ ಒಂದು ಮೈಕ್ರೋಗ್ರಾಂ ಅಂದರೆ ಒಂದು ಪಿಪಿಬಿ. ಯುರೋಪಿನಲ್ಲಿ ಪ್ರತ್ಯೇಕ ಮಿತಿ ಇಲ್ಲದ ಕೀಟನಾಶಕಕ್ಕೆ ಕೇಜಿಗೆ 0.01 ಮಿಲಿಗ್ರಾಂ ಅಂತ ಇಟ್ಟಿದ್ದಾರೆ, ಅದೇ 10 ಪಿಪಿಬಿ.

ಇದು ಎಷ್ಟು ಕಡಿಮೆ ಅಂತ ಅಂದಾಜಾಗಬೇಕಾದರೆ ಒಂದು ಲೆಕ್ಕ ಹಾಕಿ. ಒಂದು ಟನ್ ಮಾಲಿಗೆ 10 ಪಿಪಿಬಿ ಅಂದರೆ ಒಟ್ಟು 10 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ 17.8% ಇಮಿಡಾಕ್ಲೋಪ್ರಿಡ್ ದ್ರಾವಣದ ಒಂದೇ ಗ್ರಾಂನಲ್ಲಿ ಔಷಧಿ 178 ಮಿಲಿಗ್ರಾಂ. ಅಂದರೆ 17 ಟನ್ ಮಾಲನ್ನ ಮಿತಿಗೆ ಮುಟ್ಟಿಸಲು ಒಂದು ಗ್ರಾಂ ಸಾಕು! ಪಕ್ಕದ ಹೊಲದ ಗಾಳಿ, ಬಾಡಿಗೆಗೆ ತಂದ ತೊಳೆಯದ ಸ್ಪ್ರೇಯರ್, ಔಷಧಿ ತುಂಬಿದ್ದ ಹಳೇ ಚೀಲ, ಯಾವುದನ್ನೂ "ಇಷ್ಟರಿಂದ ಏನಾಗುತ್ತೆ ಬಿಡಿ" ಅನ್ನೋ ಹಾಗಿಲ್ಲ.

ಇನ್ನೊಂದು ಕಿರಿಕಿರಿ ಇದೆ. ಮೈಕ್ರೋಗೆ ಬಳಸುವುದು ಗ್ರೀಕಿನ ಮ್ಯೂ ಅಕ್ಷರ. ಕೆಲವು ಕಂಪ್ಯೂಟರುಗಳಲ್ಲಿ ಫಾಂಟ್ ಬದಲಾದರೆ ಅದು ಇಂಗ್ಲಿಷಿನ ಎಂ ಆಗಿ ಕೂರುತ್ತದೆ, ಮೈಕ್ರೋ ಹೋಗಿ ಮಿಲಿ ಆಗುತ್ತದೆ. ಒಂದು ಅಕ್ಷರಕ್ಕೆ ಸಾವಿರ ಪಟ್ಟು ವ್ಯತ್ಯಾಸ.

ಹೆಚ್ಚು ಗೊಂದಲ ಮಾಡಿದ್ದು ನ್ಯಾನೋ ಅನ್ನೋ ಪದ. ನ್ಯಾನೋ ಯೂರಿಯಾದಲ್ಲಿ ನ್ಯಾನೋ ಅನ್ನೋದು ತೂಕವಲ್ಲ, ಕಣದ ಗಾತ್ರ. ನ್ಯಾನೋಮೀಟರ್ ಅಂದರೆ ಮೀಟರಿನ 100 ಕೋಟಿಯಲ್ಲಿ ಒಂದು ಭಾಗ. 2021ರಲ್ಲಿ ಬಂದ ಮೊದಲ ಬಾಟಲಿಯಲ್ಲಿ ಸಾರಜನಕ 4%. ಇದನ್ನೇ 40,000 ಪಿಪಿಎಂ ಅಂತ ಹೇಳಿದರೆ ಕೇಳೋಕೆ ಭಾರೀ ಅನಿಸುತ್ತದೆ. ಅರ್ಧ ಲೀಟರ್ ಬಾಟಲಿಗೆ ಲೆಕ್ಕ ಹಾಕಿದರೆ 20 ಗ್ರಾಂ. 45 ಕೇಜಿ ಯೂರಿಯಾ ಚೀಲದಲ್ಲಿ 46% ಲೆಕ್ಕದಲ್ಲಿ 20.7 ಕೇಜಿ. ಎಲೆ ಮೇಲೆ ಸಿಂಪಡಿಸಿದ್ದು ಎಷ್ಟು ದಕ್ಕುತ್ತದೆ ಅನ್ನೋದು ಬೇರೆ ವಾದ, ಇರಲಿ. ಆದರೆ ಸಾವಿರ ಪಟ್ಟು ವ್ಯತ್ಯಾಸ ಬಾಟಲಿ ಕೊಳ್ಳುವ ರೈತನಿಗೆ ಮೊದಲೇ ಗೊತ್ತಿರಬೇಕು. ನಾನು ಯೂರಿಯಾ ಬಳಸುವವನಲ್ಲ. ಜೈವಿಕ ಅಂತ ಮಾರುವ ಬಾಟಲಿಗಳಲ್ಲೂ ಹೀಗೆ ದೊಡ್ಡ ಪಿಪಿಎಂ ಅಂಕಿ ಕಂಡರೆ ನಾನು ಮೊದಲು ಗ್ರಾಂಗೆ ತಂದುಕೊಳ್ಳುತ್ತೇನೆ.

ಮಣ್ಣು ಪರೀಕ್ಷೆಗೂ ಇದೇ ದಾರಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೇಜಿ. ಹಾಗಾಗಿ ಸತು 0.4 ಪಿಪಿಎಂ ಅಂತ ಬಂದರೆ ಎಕರೆಗೆ ಬೆಳೆಗೆ ಸಿಗುವ ರೂಪದಲ್ಲಿರುವುದು ಸುಮಾರು 360 ಗ್ರಾಂ. 0.6ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ಸಾಮಾನ್ಯ ಲೆಕ್ಕ. ಕೊರತೆ 180 ಗ್ರಾಂ ಅಂತ ಅಷ್ಟೇ ಸತು ಹಾಕಿದರೆ ಸಾಲದು, ಹಾಕಿದ್ದರಲ್ಲಿ ಬಹುಪಾಲನ್ನ ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ.

ರೈತರಿಗೆ ಗಣಿತ ಕಲಿಸಿ ಅನ್ನುವವರಿಗೆ ನನ್ನ ಉತ್ತರ: ಮೊದಲು ಲ್ಯಾಬಿನವರು ವರದಿ ಸರಿಯಾಗಿ ಬರೆಯಲಿ. ಫಲಿತಾಂಶ ಮತ್ತು ಮಿತಿ ಒಂದೇ ಅಳತೆಯಲ್ಲಿ, ಅಕ್ಕಪಕ್ಕದ ಕಾಲಂನಲ್ಲಿ ಇರಲಿ. ಮೈಕ್ರೋ ಅನ್ನೋದನ್ನ ಚಿಹ್ನೆ ಬಿಟ್ಟು ಪೂರ್ತಿ ಅಕ್ಷರದಲ್ಲಿ, ಸಾಧ್ಯವಾದರೆ ಕನ್ನಡದಲ್ಲೇ ಬರೆಯಲಿ. ಪರೀಕ್ಷೆಗೆ ಸಾವಿರಾರು ರೂಪಾಯಿ ಕೊಡುವವರು ನಾವು, ಕೇಳೋ ಹಕ್ಕು ಇದೆ. ಮುಂದಿನ ಸಲ ಸ್ಯಾಂಪಲ್ ಕೊಡುವಾಗ ಫಾರಂ ಮೇಲೆಯೇ "ಎಲ್ಲಾ ಫಲಿತಾಂಶ ಕೇಜಿಗೆ ಮಿಲಿಗ್ರಾಂನಲ್ಲಿ ಕೊಡಿ" ಅಂತ ಬರೆದುಬಿಡಿ. ಖರೀದಿದಾರರಿಂದಲೂ ಮಿತಿಯನ್ನ ಅದೇ ಅಳತೆಯಲ್ಲಿ, ಕೊಯ್ಲಿಗೆ ಮುಂಚೆಯೇ ಬರೆಸಿಕೊಳ್ಳಿ.