ಕಿರಿಯರೊಡನೆ ನಾಲ್ಕು ಮಾತು: ಕುಂಬಳಕಾಯಿ ದೀಪ, ಸೋರುವ ಮಾಡು



ಅಕ್ಟೋಬರ್ 31ರ ಸಂಜೆ ನಮ್ಮ ಸೊಸೈಟಿಯಲ್ಲೂ ಈಗ ಬಾಗಿಲ ಗಂಟೆ ಬಾರಿಸುತ್ತದೆ. ಕಪ್ಪು ಬಟ್ಟೆ ತೊಟ್ಟು, ಮುಖಕ್ಕೆ ಬಿಳಿ ಬಳಿದುಕೊಂಡ ನಾಲ್ಕಾರು ಮಕ್ಕಳು ಚಾಕಲೇಟಿಗೆ ಕೈ ಚಾಚಿ ನಿಂತಿರುತ್ತಾರೆ. "ನಮ್ಮದಲ್ಲದ ಹಬ್ಬ ನಮಗೇಕೆ?" ಎಂದು ಗೊಣಗುವ ಹಿರಿಯರಲ್ಲಿ ನಾನೂ ಒಬ್ಬ. ಆದರೆ ಹ್ಯಾಲೋವೀನ್ ಯಾರದು, ಅದನ್ನು ಆಚರಿಸುವವರು ಅದರಿಂದ ಏನೇನು ಕೆಲಸ ತೆಗೆಯುತ್ತಾರೆ ಎಂದು ತಿಳಿದುಕೊಂಡು ಗೊಣಗಿದರೆ ನಷ್ಟವೇನಿಲ್ಲವಷ್ಟೆ?

ಇದರ ಬೇರು ಇರುವುದು ಐರ್ಲೆಂಡಿನಲ್ಲಿ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ರಾತ್ರಿ ಸತ್ತವರು ಮನೆಗಳತ್ತ ಬರುತ್ತಾರೆಂದು ಹಿಂದಿನವರ ನಂಬಿಕೆ. ಟರ್ನಿಪ್ ಗಡ್ಡೆಗೆ ಕಣ್ಣು ಬಾಯಿ ಕೊರೆದು, ಒಳಗೆ ದೀಪವಿಟ್ಟು ದೆವ್ವಗಳನ್ನು ಬೆದರಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಐರಿಷ್ ಜನರಿಗೆ ಅಲ್ಲಿ ಕೊರೆಯಲು ಸುಲಭವಾದ ಕುಂಬಳಕಾಯಿ ಸಿಕ್ಕಿತು. (ನಮ್ಮವರು 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕಿದರು. ಖರ್ಚು ಒಂದು ಚೂರು ಸೀಮೆಸುಣ್ಣ!)

ನ್ಯೂಯಾರ್ಕ್ ನಗರಕ್ಕೆ ಹತ್ತಿರ, ಲಾಂಗ್ ಐಲೆಂಡಿನ ಉತ್ತರ ದಂಡೆಯಲ್ಲಿ ಸ್ಯಾಂಡ್ಸ್ ಪಾಯಿಂಟ್ ಪ್ರಿಸರ್ವ್ ಎಂಬ 216 ಎಕರೆಯ ತಾಣವಿದೆ. ಕಾಡು, ಕೊಳ, ಹುಲ್ಲುಗಾವಲು, ಕಡಲ ತೀರ, ನಡುವೆ ಕೋಟೆಯಂಥ ಕಟ್ಟಡಗಳು. ರೈಲ್ವೆ ಸಾಹುಕಾರ ಜೇ ಗೂಲ್ಡನ ಮಗ ಹೋವರ್ಡ್ ಗೂಲ್ಡ್ ಅಲ್ಲಿ ಕಟ್ಟಿಸಿದ ಕುದುರೆ ಲಾಯಕ್ಕೆ ಐರ್ಲೆಂಡಿನ ಕಿಲ್ಕೆನಿ ಕೋಟೆಯೇ ಮಾದರಿ. ಲಾಯವೇ ಹಾಗಿದ್ದರೆ ಮನೆ ಹೇಗಿರಬೇಕು, ನೀವೇ ಊಹಿಸಿ. 1917ರಲ್ಲಿ ಆಸ್ತಿಯನ್ನು ಗಣಿ ಉದ್ಯಮಿ ಡೇನಿಯಲ್ ಗುಗೆನ್‌ಹೈಮ್ ಕೊಂಡ. ನಿಮ್ಮಲ್ಲಿ ವಿಜ್ಞಾನ ಓದುವವರು ಇದನ್ನು ಗಮನಿಸಿ: 1930ರಲ್ಲಿ ರಾಬರ್ಟ್ ಗೊಡಾರ್ಡನ ರಾಕೆಟ್ ಪ್ರಯೋಗಗಳಿಗೆ ಹಣ ಕೊಟ್ಟವನು ಇವನೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನ ಪತ್ನಿ ಫ್ಲಾರೆನ್ಸ್ ಆ ದೊಡ್ಡ ಮನೆಯಲ್ಲಿ ಬ್ರಿಟನ್ನಿನ ನಿರಾಶ್ರಿತ ಮಕ್ಕಳಿಗೆ ಆಸರೆ ಕೊಟ್ಟರು. ಆಮೇಲೆ ಅಮೆರಿಕದ ನೌಕಾಪಡೆ ಬಂತು, ಹೋಯಿತು. ಕೊನೆಗೆ ಜಾಗ ನಾಸೌ ಕೌಂಟಿಯ ಕೈಸೇರಿತು.

ಸಾಹುಕಾರರು ಹೋದರೂ ಮಾಡು ಉಳಿಯಿತು, ಮಾಡು ಇದ್ದಮೇಲೆ ಸೋರುವುದೂ ಉಳಿಯಿತು! ಸರಕಾರದ ಹಣವೊಂದನ್ನೇ ನೆಚ್ಚಿ ಕುಳಿತರೆ ಇಂಥ ಕಟ್ಟಡಗಳು ನಿಲ್ಲುವುದಿಲ್ಲ. ತಾಣದ ಉಸ್ತುವಾರಿ ನೋಡಿಕೊಳ್ಳುವುದು ಲಾಭದಾಸೆಯಿಲ್ಲದ ಒಂದು ಸಂಸ್ಥೆ. ಸದಸ್ಯತ್ವ, ದೇಣಿಗೆ, ಮದುವೆ ಸಮಾರಂಭಗಳ ಬಾಡಿಗೆ, ಟಿಕೆಟ್ ಇಟ್ಟ ಕಾರ್ಯಕ್ರಮಗಳು ಅದರ ದಾರಿ. ಹ್ಯಾಲೋವೀನ್ ಹೊತ್ತಿನ ಕುಟುಂಬ ಕೂಟವೂ ಅದರಲ್ಲಿ ಸೇರುತ್ತದೆ. ಮಗುವಿಗೆ ಮಾಟಗಾತಿಯ ಟೊಪ್ಪಿಯ ಸಂಭ್ರಮ, ಟಿಕೆಟ್ಟಿನ ದುಡ್ಡು ಹಳೆಯ ಗೋಡೆಗೆ.

ಇನ್ನೊಂದು ಉದಾಹರಣೆ ಇದಕ್ಕೂ ಚಿಕ್ಕದು. 1950ರಲ್ಲಿ ಫಿಲಡೆಲ್ಫಿಯಾದ ಒಬ್ಬ ಪಾದ್ರಿ ದಂಪತಿಯ ಮಕ್ಕಳು ಮತ್ತು ಅವರ ಗೆಳೆಯರು ಹ್ಯಾಲೋವೀನ್ ರಾತ್ರಿ ಹಾಲಿನ ಖಾಲಿ ಡಬ್ಬಿ ಹಿಡಿದು ಮನೆಮನೆಗೆ ಹೋದರು. ಸಿಕ್ಕಿದ್ದು 17 ಡಾಲರ್. ಅದನ್ನು ಯುನಿಸೆಫ್‌ಗೆ ಕಳಿಸಿದರು. ಮುಂದೆ ಅದೇ ಅಮೆರಿಕದ ಉದ್ದಗಲಕ್ಕೂ ಹಬ್ಬಿದ ಪದ್ಧತಿಯಾಯಿತು.

ಇಷ್ಟನ್ನು ಯಾಕೆ ಬರೆದೆನೆಂದರೆ, ಈ ಮಳೆಗಾಲದಲ್ಲಿ ನಮ್ಮ ಸಂಘದ ಗ್ರಂಥಾಲಯದ ಮಾಡು ಸೋರಿ ಎರಡು ಕಪಾಟಿನ ಪುಸ್ತಕ ನೆನೆದವು. "ಯಾರೂ ಓದುವುದಿಲ್ಲ, ರದ್ದಿಗೆ ಹಾಕೋಣ" ಎಂದು ಸಭೆಯಲ್ಲಿ ಒಬ್ಬರೆಂದರು. ನಾನೂ ಸುಮ್ಮನೆ ಕುಳಿತಿದ್ದೆ. ಮನೆಗೆ ಬಂದಮೇಲೆ ನಾಚಿಕೆಯಾಯಿತು. ಆ ಪುಸ್ತಕಗಳಲ್ಲಿ ಹಲವನ್ನು ನಿಮ್ಮ ಅಜ್ಜಂದಿರು ಊರಿನಿಂದ ಟ್ರಂಕಿನಲ್ಲಿ ಹೊತ್ತು ತಂದಿದ್ದರು.

ಹ್ಯಾಲೋವೀನಿನ ಮರುದಿನವೇ ನಮ್ಮ ರಾಜ್ಯೋತ್ಸವ. ಆ ಮುನ್ನಾದಿನದ ಸಂಜೆ ಸಭಾಗೃಹದಲ್ಲಿ ನೀವೇ ಒಂದು ದೆವ್ವದ ಕೂಟ ಮಾಡಿದರೆ ಹೇಗೆ? ಬ್ರಹ್ಮರಾಕ್ಷಸ, ಮೋಹಿನಿ, ಯಕ್ಷಗಾನದ ಬಣ್ಣದ ವೇಷ, ನಮಗೇನು ಬರವೇ? ಅಜ್ಜಿಯರು ಕತೆ ಹೇಳಲಿ, ಬಾಗಿಲಲ್ಲಿ ಟಿಕೆಟ್ ಇರಲಿ. ಸಭಾಗೃಹ ಬಿಡಿಸಿಕೊಡುವ ಜವಾಬ್ದಾರಿ ನನ್ನದು. ಸಮಿತಿಯೊಡನೆ ಜಗಳವಾದರೆ ಅದೂ ನನ್ನದೇ.

ಗ್ರಂಥಾಲಯದ ಬೀಗದ ಕೈ ನನ್ನ ಹತ್ತಿರವಿದೆ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತೇನೆ. ನೆನೆದ ಪುಸ್ತಕಗಳನ್ನು ಹಾಳೆ ಬಿಡಿಸಿ ಒಣಹಾಕಬೇಕು. ಮೂಗಿಗೆ ಕಟ್ಟಿಕೊಳ್ಳಲು ಒಂದು ಕರವಸ್ತ್ರ ತನ್ನಿ, ಧೂಳು ವಿಪರೀತ.