ರಾತ್ರಿಯೂ ಊರಿನಲ್ಲಿರುವ ವೈದ್ಯರು

ನಮ್ಮ ರಾಮನಗರವು ಇನ್ನೂ ಕ್ಲೋಸ್‌ಪೇಟೆಯಾಗಿದ್ದ 1930ರ ದಶಕದಲ್ಲಿ, ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಲ್ಲೊಂದು ಆರೋಗ್ಯ ಘಟಕವನ್ನು ಸ್ಥಾಪಿಸಿತು. ಈ ಸಂಗತಿ ನಮ್ಮವರಲ್ಲೇ ಅನೇಕರಿಗೆ ತಿಳಿಯದು. ರೋಗಿ ಬಾಗಿಲಿಗೆ ಬರಲೆಂದು ಕಾಯದೆ, ವೈದ್ಯಸೇವೆಯೇ ಹಳ್ಳಿಗೆ ಹೋಗಬೇಕೆಂಬುದು ಅಂತಹ ಘಟಕಗಳ ಹಿಂದಿದ್ದ ಆಲೋಚನೆ. 1946ರಲ್ಲಿ ಭೋರ್ ಸಮಿತಿಯು ಇಡೀ ದೇಶಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೂಚಿಸುವ ಮೊದಲೇ ನಮ್ಮ ನೆಲದಲ್ಲಿ ಆ ಪಾಠ ಆರಂಭವಾಗಿತ್ತು.

ಕನಕಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ಅದರ ಬೆಲೆಯನ್ನು ಕಂಡೆ. ಒಂದು ಸಂಜೆ ರಾಗಿ ಮೆದೆಯ ಬಳಿ ನನ್ನ ಶಿಷ್ಯನೊಬ್ಬನಿಗೆ ಕೊಳಕುಮಂಡಲ ಕಚ್ಚಿತು. ವೈದ್ಯರು ಆಸ್ಪತ್ರೆಯ ಹಿಂದಿನ ವಸತಿಗೃಹದಲ್ಲೇ ಇದ್ದರು. ಹುಡುಗನ ರಕ್ತವನ್ನು ಗಾಜಿನ ನಳಿಕೆಯಲ್ಲಿ ಹಿಡಿದು, ಇಪ್ಪತ್ತು ನಿಮಿಷವಾದರೂ ಅದು ಹೆಪ್ಪುಗಟ್ಟದಿದ್ದುದನ್ನು ನೋಡಿ, ವಿಷನಿರೋಧಕ ಔಷಧವನ್ನು ನರಕ್ಕೆ ಹನಿಸಿದರು. ಬೆಳಗಿನವರೆಗೂ ಅವನ ಮಂಚದ ಪಕ್ಕದಿಂದ ಏಳಲಿಲ್ಲ. ಆ ಹುಡುಗ ಇಂದು ಮೊಮ್ಮಕ್ಕಳನ್ನು ಕಂಡಿದ್ದಾನೆ.

ಹಲವು ವರ್ಷಗಳ ತರುವಾಯ ಬೇರೊಂದು ಊರಿನಲ್ಲಿ ಇಂತಹದೇ ಸಂಜೆ ಬಂದಿತು. ಕಟ್ಟಡವಿತ್ತು, ಔಷಧವೂ ಇತ್ತೆಂದು ಆಮೇಲೆ ತಿಳಿಯಿತು. ಆದರೆ ವೈದ್ಯರು ಸಂಜೆಯ ಬಸ್ಸಿಗೆ ಬೆಂಗಳೂರಿಗೆ ಹೊರಟುಹೋಗಿದ್ದರು. ಪಟ್ಟಣದ ದಾರಿಯಲ್ಲಿಯೇ ಬಾಲಕಿ ತೀರಿಕೊಂಡಳು. ಮರುದಿನ ಹಾಜರಿ ಕರೆಯುವಾಗ ಅವಳ ಹೆಸರಿನ ಮುಂದೆ ನನ್ನ ಕೈ ನಿಂತುಹೋಯಿತು.

ರಾಜಧಾನಿಗೆ ಹತ್ತಿರವಿರುವುದು ನಮ್ಮ ಭಾಗ್ಯವೆಂದು ಎಲ್ಲರೂ ಹೇಳುತ್ತಾರೆ. ವೈದ್ಯಕೀಯದ ಮಟ್ಟಿಗೆ ಅದೇ ನಮ್ಮ ಕೊರತೆಯೆಂದು ನನ್ನ ಅಭಿಪ್ರಾಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ದಿನವೂ ಬೆಂಗಳೂರಿಗೆ ಹೋಗಿಬರಬಹುದು; ಆದ್ದರಿಂದಲೇ ಅಧಿಕಾರಿಯೂ ವೈದ್ಯನೂ, ಕೆಲವೊಮ್ಮೆ ಉಪಾಧ್ಯಾಯನೂ, ಊರಿನಲ್ಲಿ ನಿಲ್ಲುವುದಿಲ್ಲ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಆದರೆ ತಮಿಳುನಾಡಿನ ಗಡಿಯತ್ತ ಆನೆ ಓಡಾಡುವ ಕಾಡಂಚಿನ ಹಳ್ಳಿಗಳಿಗೂ ಗುಡ್ಡಗಳ ನಡುವಿನ ಇರುಳಿಗರ ಹಾಡಿಗಳಿಗೂ ರಾತ್ರಿಯ ಹೊತ್ತು ಬೆಂಗಳೂರು ಇಂದಿಗೂ ದೂರವೇ.

ವೈದ್ಯರನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಸೋರುವ ವಸತಿಗೃಹ, ಮಕ್ಕಳಿಗೆ ತಕ್ಕ ಶಾಲೆಯಿಲ್ಲದಿರುವಿಕೆ, ರೋಗಿ ಉಳಿಯದಿದ್ದರೆ ಕೈಯೆತ್ತುವ ಬಂಧುಗಳು: ಇವುಗಳ ನಡುವೆ ಯಾರು ನಿಂತಾರು? ಕಾವೇರಿಯಾಚೆ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು ಸೋಲಿಗರ ನಡುವೆ ನೆಲೆನಿಂತು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಅವರು ಪೂಜ್ಯರು. ಆದರೆ ಒಂದು ನಾಡಿನ ಆರೋಗ್ಯವು ಮಹಾತ್ಯಾಗಿಗಳನ್ನೇ ನಂಬಿಕೊಂಡಿರಲಾಗದು.

ಬಯಲು ಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ನಿಯಮ. ಆ ಲೆಕ್ಕದಲ್ಲಿ ತಲೆಗಳಿವೆಯೇ ಹೊರತು ರಾತ್ರಿಗಳಿಲ್ಲ. 2024ರಲ್ಲಿ ಕರ್ನಾಟಕವು ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು, ಒಳ್ಳೆಯದೇ ಆಯಿತು. ಆದರೆ ವರದಿಗಿಂತ ಮೊದಲು ಚಿಕಿತ್ಸೆ ಸಿಕ್ಕಬೇಕು. ಕಾಡಂಚಿನ ಕೇಂದ್ರಗಳಲ್ಲಿ ಸರದಿಯಂತೆ ರಾತ್ರಿ ಉಳಿಯಲು ಇಬ್ಬರು ವೈದ್ಯರು, ಸಂಸಾರಕ್ಕೆ ಯೋಗ್ಯವಾದ ಎರಡು ಮನೆಗಳು, ಅಲ್ಲಿ ಉಳಿದವರಿಗೆ ಹೆಚ್ಚಿನ ವೇತನ: ಇಷ್ಟನ್ನು ಹೊಸ ಕಟ್ಟಡಗಳ ಶಂಕುಸ್ಥಾಪನೆಗಿಂತ ಮೊದಲು ಮಾಡಬೇಕು. ಆ ಮನೆಗಳನ್ನೂ ಅವುಗಳಲ್ಲಿ ಇರುವವರ ಮಾನವನ್ನೂ ಕಾಯುವುದು ಊರಿನವರ ಕರ್ತವ್ಯ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ವೈದ್ಯರಾಗಿದ್ದೀರಿ, ಕೆಲವರು ಪಂಚಾಯಿತಿಯಲ್ಲಿದ್ದೀರಿ. ಮುಂದಿನ ಸಲ ಊರಿಗೆ ಹೋದಾಗ ಕತ್ತಲಾದ ಮೇಲೆ ಆಸ್ಪತ್ರೆಯ ಹಿಂಬದಿಗೆ ಹೋಗಿ, ವಸತಿಗೃಹದಲ್ಲಿ ದೀಪವಿದೆಯೇ ನೋಡಿ ಬನ್ನಿರಿ. ಇಲ್ಲದಿದ್ದರೆ ಏಕಿಲ್ಲವೆಂದು ಕೇಳಿರಿ. ನಿಮ್ಮ ಮೇಷ್ಟರು ಕೊಡುವ ಮನೆಗೆಲಸ ಇದೊಂದೇ.